ಖಾಲಿ ಬಿಡಲೊಲ್ಲದ ಊರಿನಲ್ಲಿ

ನಾನು ಬಳ್ಳಾರಿಗೆ ಬಂದ ಮೊದಲ ವಾರವೇ ಒಬ್ಬ ಅಜ್ಜ ತನ್ನ ಅರ್ಜಿಯಲ್ಲಿ ಎತ್ತಿನ ಹೆಸರು ಬರೆಸಿದ. ಅವನ ಹೆಸರು ಮಲ್ಲಪ್ಪ. ಪರದೆಯ ಮೇಲೆ 'ಮಧ್ಯದ ಹೆಸರು' ಎಂಬ ಖಾನೆ ಬಂತು. ನಿಮಗೆ ಅದಿಲ್ಲ, ಖಾಲಿ ಬಿಡೋಣ ಅಂದೆ. ಅಜ್ಜ ಗಾಬರಿಯಾದ. "ಖಾಲಿ ಬಿಡಬ್ಯಾಡ್ರಿ ಯವ್ವಾ, ಬಸ್ಯಾ ಅಂತ ಹಾಕ್ರಿ." ಬಸ್ಯಾ ಯಾರು ಎಂದು ಕೇಳಿದರೆ, "ನಮ್ಮ ಎತ್ತು! ಮನಿ ಮಗಾ ಇದ್ದಂಗ ಐತಿ" ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾನು ನಂಜನಗೂಡಿನವಳು. ಗಂಡನ ಮನೆ ಬಿಟ್ಟೆ, ತವರಿನಲ್ಲೂ ಇರಲಾಗಲಿಲ್ಲ. ಗೆಳತಿ ಕೊಡಿಸಿದ ಕೆಲಸ ನಂಬಿ ಇಲ್ಲಿಗೆ ಬಂದೆ. ಬಸ್ ನಿಲ್ದಾಣದ ಹತ್ತಿರ ಒಂದು ಆನ್‌ಲೈನ್ ಅಂಗಡಿ, ದಿನವಿಡೀ ಪರರ ಅರ್ಜಿ ತುಂಬುವ ಕೆಲಸ. ನಮ್ಮ ಕಡೆ ಜನ "ಗೊತ್ತಿಲ್ಲ, ಬಿಡಿ ಅದ್ನ" ಎಂದು ಎದ್ದು ಹೋಗುತ್ತಾರೆ. ಇಲ್ಲಿಯವರಿಗೆ ಖಾಲಿ ಬಿಡುವುದೆಂದರೆ ಅಪಶಕುನ. ಕೆಂಪು ನಕ್ಷತ್ರ ಇರುವುದನ್ನಷ್ಟೇ ತುಂಬಿದರೆ ಸಾಕು, ಉಳಿದವು ಹಾಗೇ ಇರಲಿ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ.

ಮನೆ ಸಿಗುವಷ್ಟರಲ್ಲಿ ಸಾಕಾಗಿ ಹೋಯಿತು. ಹೋದಲ್ಲೆಲ್ಲ "ಯಜಮಾನ್ರು ಎಲ್ಲದಾರ್ರಿ?" ಎಂಬ ಒಂದೇ ಪ್ರಶ್ನೆ. ಕೊನೆಗೆ ಕುರುಗೋಡು ಕಡೆಯ ಶಾಂತಮ್ಮ ಏನೂ ಕೇಳದೆ ಬೀಗದ ಕೈ ಕೊಟ್ಟರು. ನಾನು ಹುಳಿ ಮಾಡಿ ಅವರಿಗೆ ಒಂದು ಬಟ್ಟಲು ಕಳಿಸಿದರೆ, ಬಟ್ಟಲು ಶೇಂಗಾ ಚಟ್ನಿ ತುಂಬಿಕೊಂಡು ವಾಪಸು ಬರುತ್ತದೆ. ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು. ಕೋಟೆ ಗುಡ್ಡದ ಬಂಡೆ ಕಾದರಂತೂ ಸಂಜೆಯಾದರೂ ಆರುವುದಿಲ್ಲ. ನಮ್ಮ ಕಪಿಲೆಯ ದಂಡೆಯ ಗಾಳಿ ನೆನಪಾಗುತ್ತದೆ. 'ಹೋಗಾಕ', 'ಬರಾಕ' ಎಂದು ಹೇಳಲು ಕಲಿತೆ. ತೆಲುಗಿನಲ್ಲಿ ಚೌಕಾಸಿ ಮಾಡುವುದು ಮಾತ್ರ ಇನ್ನೂ ಬಂದಿಲ್ಲ.

ಮೊನ್ನೆ ಮಧ್ಯಾಹ್ನ ಕರೂರಿನಿಂದ ಹುಲಿಗೆಮ್ಮ ಬಂದಳು. ಭತ್ತದ ನಾಟಿ ಹಚ್ಚುವ ಹೆಂಗಸು, ಜೊತೆಗೆ ಮಗಳು ರೇಣುಕಾ. ಹುಡುಗಿಗೆ ನರ್ಸಿಂಗ್ ಓದಲು ಸೀಟು ಸಿಕ್ಕಿದೆ, ಹಾಸ್ಟೆಲ್ ಸಿಕ್ಕರೆ ಮಾತ್ರ ಓದು. ಅವತ್ತು ಸಂಜೆ ಐದಕ್ಕೆ ಹಾಸ್ಟೆಲಿನ ಅರ್ಜಿ ಮುಚ್ಚುತ್ತಿತ್ತು. "ಸಿರುಗುಪ್ಪದಾಗ ಮುಂಜಾನಿಂದ ಕರೆಂಟಿಲ್ರಿ, ಓಡಿ ಬಂದೀವಿ" ಅಂದಳು ತಾಯಿ.

ಎಲ್ಲ ಸರಿಯಾಗಿ ನಡೆದು, 'ಒಡಹುಟ್ಟಿದವರು' ಎಂಬಲ್ಲಿ ನಿಂತಿತು. ನಕ್ಷತ್ರವಿರಲಿಲ್ಲ.

"ಮಾರುತಿ ಅಂತ ಹಾಕ್ರಿ. ಇಕಿ ಅಣ್ಣ."

ಹಾಕಿದೆ. ತಕ್ಷಣ ಕೆಳಗೆ ಇನ್ನೆರಡು ಖಾನೆ ತೆರೆದವು, ವಯಸ್ಸು ಮತ್ತು ಆಧಾರ್ ಸಂಖ್ಯೆ. ಎರಡಕ್ಕೂ ಕೆಂಪು ನಕ್ಷತ್ರ. ಆಧಾರ್ ಕೇಳಿದೆ. ಹುಡುಗಿ ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು, "ಸಣ್ಣಾಂವ ಇದ್ದಾಗ ಕಾಲುವ್ಯಾಗ ಬಿದ್ದು ಹೋದ್ನರಿ. ಕಾರ್ಡ್ ಮಾಡಿಸಿರಲಿಲ್ಲ."

ಹೆಸರು ಅಳಿಸಿದರೆ ಮಾತ್ರ ಅರ್ಜಿ ಮುಂದೆ ಹೋಗುತ್ತದೆ, ಖಾಲಿ ಬಿಟ್ಟರೆ ತಪ್ಪೇನಿಲ್ಲ ಅಂದೆ.

"ತಪ್ಪಿಲ್ಲಾ?" ಹುಲಿಗೆಮ್ಮ ಎದ್ದು ನಿಂತಳು. "ಹಡದಾಕಿ ನಾನು. ಅವ ಹುಟ್ಟೇ ಇಲ್ಲಂತ ಬರಸಾಕ ಬಂದೀನೇನು?"

"ಯವ್ವಾ, ಸೀಟು ಹೋಗ್ತೈತಿ. ನಿನಗ ಕೈ ಮುಗಿತೀನಿ, ಬಿಡವ್ವಾ." ರೇಣುಕಾ ತಾಯಿಯ ತೋಳು ಹಿಡಿದಳು.

ಗಡಿಯಾರದ ಮುಳ್ಳು ಐದರ ಹತ್ತಿರ ಬಂದಿತ್ತು. ನನಗೂ ಸಿಟ್ಟು, ಯಾರ ಮೇಲೆ ಎಂದು ಗೊತ್ತಿಲ್ಲ. ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಳಿಸ್ರಿ. ನಾನು ಹೊರಗ ನಿಂದರ್ತೀನಿ" ಎಂದು ಮೆಟ್ಟಿಲಿಳಿದಳು. ನಾನು ಒಂದೊಂದೇ ಅಕ್ಷರ ಅಳಿಸಿದೆ. ಬೆರಳಿಗೆ ಅಷ್ಟು ಭಾರದ ಕೆಲಸ ಈ ಊರಲ್ಲಿ ಇನ್ನೊಂದು ಸಿಕ್ಕಿರಲಿಲ್ಲ.

ಅರ್ಜಿ ಹೋಯಿತು. ಸ್ವೀಕೃತಿ ಚೀಟಿ ತೆಗೆದು ನೋಡಿದೆ. ಖಾಲಿ ಬಿಟ್ಟ ಜಾಗವನ್ನು ಅದು ಖಾಲಿ ಬಿಟ್ಟಿರಲಿಲ್ಲ. 'ಒಡಹುಟ್ಟಿದವರು: ಯಾರೂ ಇಲ್ಲ' ಎಂದು ತಾನೇ ಮುದ್ರಿಸಿತ್ತು.

ಅಷ್ಟರಲ್ಲಿ ಹುಲಿಗೆಮ್ಮ ಒಳಗೆ ಬಂದಳು. ಅವಳಿಗೆ ಓದಲು ಬಾರದು. "ಏನಂತ ಬಂದೈತಿ, ಓದು" ಅಂದಳು ಮಗಳಿಗೆ. ರೇಣುಕಾ ಚೀಟಿ ಹಿಡಿದು ತನ್ನ ಹೆಸರು, ತಾಯಿಯ ಹೆಸರು, ಊರು ಓದುತ್ತ ಬಂದಳು. ಆ ಸಾಲಿಗೆ ಬಂದಾಗ ಒಮ್ಮೆ ನನ್ನ ಕಡೆ ನೋಡಿದಳು.

"ಅಣ್ಣ, ಮಾರುತಿ" ಎಂದು ಓದಿದಳು.

"ಅಳಸ್ತೀನಂದಿದ್ರಲ್ರೀ?" ಹುಲಿಗೆಮ್ಮ ನನ್ನತ್ತ ತಿರುಗಿದಳು.

"ಮಷೀನು ಬಿಡಲಿಲ್ಲ" ಅಂದೆ ನಾನು.

ಹುಲಿಗೆಮ್ಮ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ತಾಯಿ ಮಗಳು ಸಿರುಗುಪ್ಪದ ಬಸ್ಸಿಗೆ ಓಡಿದರು.

ಸಂಜೆ ಅಮ್ಮನ ಫೋನು. ಅದೇ ಹಳೆಯ ವರಾತ, "ವಾಪಸ್ ಬಂದ್ಬಿಡೇ. ಅಲ್ಲಿ ನಿಂಗೆ ಅಂತ ಯಾರಿದಾರೆ?" ಯಾರೂ ಇಲ್ಲ ಎನ್ನಲು ಅವತ್ತು ಬಾಯಿ ಬರಲಿಲ್ಲ.

"ಅದಾರ" ಅಂದೆ.

"ಯಾರೇ?" ಎಂದು ಅಮ್ಮ ಕೇಳಿದಳು. ಹೇಳಲು ನನಗೆ ಒಂದು ಹೆಸರೂ ಹೊಳೆಯಲಿಲ್ಲ.