ಸರಾಯೆವೊದಲ್ಲಿ ಎಣಿಸದ ಹೆಜ್ಜೆಗಳು

11 ಜನವರಿ 2026, ಭಾನುವಾರ, ಮಧ್ಯಾಹ್ನ 1.10. ಹಾಸನ.

ಒಲೆಯ ಮೇಲೆ ರಾಗಿಹಿಟ್ಟು ತಳ ಹಿಡಿಯಿತು. ಸೀದ ವಾಸನೆ ಮನೆಯೆಲ್ಲ ಹರಡಿತು. ಒಲೆ ಆರಿಸಿ ಬಂದು ಬರೆಯಲು ಕುಳಿತೆ.

2019ರ ಮೇ ತಿಂಗಳಲ್ಲಿ ಇದೇ ವಾಸನೆ ಸರಾಯೆವೊದ ಒಂದು ಹೋಟೆಲಿನ ಮೂರನೇ ಮಹಡಿಯನ್ನೆಲ್ಲ ತುಂಬಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಪ್ರವಾಸ ಹೊರಟ ನಾವು ಇಪ್ಪತ್ತಾರು ಜನ. ಜೊತೆಗೊಬ್ಬ ಅಡುಗೆಯವನು, ಹದಿನೆಂಟು ಕೆ.ಜಿ. ರಾಗಿಹಿಟ್ಟು. ಹಳೇ ಪೇಟೆ, ಮಸೀದಿ, ನದಿ ಎಲ್ಲವನ್ನೂ ಬಸ್ಸಿನ ಕಿಟಕಿಯಿಂದಲೇ ನೋಡಿ ಮುಗಿಸಿದೆವು. ನಲವತ್ತು ನಿಮಿಷ.

ನನ್ನ ಪಕ್ಕದ ಸೀಟಿನಲ್ಲಿ ಅರಕಲಗೂಡಿನ ಮೇಷ್ಟ್ರಿದ್ದರು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಹೇಳಿದವರು. ಆಸ್ಟ್ರಿಯಾದ ಯುವರಾಜನ ಕಾರು ಸೇತುವೆಯ ಹತ್ತಿರ ದಾರಿ ತಪ್ಪಿ ತಿರುಗಿ, ಅವನಿಗೆ ಗುಂಡೇಟು ಬಿದ್ದು, ಮೊದಲ ಮಹಾಯುದ್ಧಕ್ಕೆ ಕಾರಣವಾದ ಜಾಗ ನೋಡಲೆಂದೇ ಬಂದಿದ್ದರು.

"ಆ ರಸ್ತೆ ಎಷ್ಟಗಲ ಅಂತ ಗೊತ್ತಿಲ್ದೇನೇ ವರ್ಷಾ ವರ್ಷಾ ಬೋರ್ಡ್ ಮೇಲೆ ಗೀಚಿದೀನಿ ಕಣಪ್ಪ. ನೀನು ಲೆಕ್ಕದೋನು. ಜೊತೆಗ್ ಬಂದು ಹೆಜ್ಜೆ ಎಣಿಸ್ಕೊಡು, ಸಾಕು" ಎಂದರು. ಒಬ್ಬರೇ ರಸ್ತೆ ದಾಟುವಷ್ಟು ಕಣ್ಣು ಅವರಿಗಿರಲಿಲ್ಲ...

ಬಸ್ಸು ಹೋಟೆಲಿನ ಮುಂದೆ ಬಂದು ನಿಂತಿತ್ತು. ಅಲ್ಲಿಂದ ಸೇತುವೆಗೆ ಏಳು ನಿಮಿಷದ ನಡಿಗೆ. ಆಗ ಗಂಟೆ ಒಂದು. ಎರಡಕ್ಕೆ ಬಸ್ಸು ಮುಂದಿನ ಊರಿಗೆ ಹೊರಡಬೇಕು. ಚನ್ನರಾಯಪಟ್ಟಣದ ಕಂಟ್ರಾಕ್ಟರ್ ಎದ್ದು ನಿಂತ.

"ಸತ್ತೋದೋನು ಇನ್ನೆಲ್ಲೂ ಓಗಕ್ಕಿಲ್ಲ ಬನ್ನಿ ಮೇಷ್ಟ್ರೇ, ಮುದ್ದೆ ಕಲ್ಲಾಯ್ತದೆ! ಊಟಕ್ ಓಗೋರೆಲ್ಲ ಕೈ ಎತ್ರಪ್ಪ!"

ಬಸ್ಸೆಲ್ಲ ನಕ್ಕಿತು. ಕೈ ಎಣಿಸಿದ್ದು ನಾನೇ. ಸೇತುವೆಗೆ ಒಂದು, ಊಟಕ್ಕೆ ಇಪ್ಪತ್ತೈದು. ಎಣಿಸುತ್ತಿದ್ದ ನನ್ನ ಎಡಗೈಯೂ ಮೇಲಿತ್ತು.

ಕಂಟ್ರಾಕ್ಟರ್ ನಾಲ್ಕು ಮುದ್ದೆ ನುಂಗಿ, ಸೊರಸೊರ ಸಾರು ಹೀರಿ, ಹೋಟೆಲಿನ ಬಿಳಿ ಪರದೆಗೆ ಕೈ ಒರೆಸಿದ. ನೆನೆದರೆ ಇಂದಿಗೂ ಅಸಹ್ಯ. ಆದರೆ ಡೈರಿಯ ಅವತ್ತಿನ ಪುಟದಲ್ಲಿ ನಾನು ಬರೆದುಕೊಂಡಿರುವುದು ಇಷ್ಟೇ: "ಮುದ್ದೆ ಎರಡು. ಬಿಸಿ ಇತ್ತು. ಬಸ್ಸು ಹೊರಟಿದ್ದು 2.05." ಇದು ಅದಕ್ಕಿಂತ ಹೇಸಿಗೆ.

ಬಸ್ಸು ಹೊರಟ ಮೇಲೆ, ಸೇತುವೆ ನೋಡದೆಯೇ ಹತ್ತಿ ಕುಳಿತಿದ್ದ ಮೇಷ್ಟ್ರು ನನ್ನ ಕಡೆ ತಿರುಗಿ, "ಹೊಟ್ಟೆ ತುಂಬ್ತೇನಪ್ಪ?" ಎಂದರು. ಕುಹಕವಿರಲಿಲ್ಲ. ನಿಜವಾಗಿಯೇ ಕೇಳಿದ್ದರು... ನಾನು ಹೂಂ ಎಂದೆ.

ಹೋದ ವರ್ಷ ಅವರು ತೀರಿಕೊಂಡರು. ನಾನು ಮತ್ತೆ ಆ ಊರಿಗೆ ಹೋಗಿಲ್ಲ. ಕೇಳಿದವರಿಗೆ ಉತ್ತರ ಮುಟ್ಟಿಸುವ ದಾರಿ ಇನ್ನಿಲ್ಲ. ಆದರೂ, ಆ ತಿರುವಿನಲ್ಲಿ ನಿಂತು ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಬದಿಯಿಂದ ಆ ಬದಿಗೆ ಎಷ್ಟು ಹೆಜ್ಜೆ ಎಂದು ದಯವಿಟ್ಟು ಬರೆದು ತಿಳಿಸಿ.