ಟ್ರಂಕ್ ಬೋರ್ಡಿನ ಬೆಂಗಳೂರು

ನಮ್ಮೂರಿನಿಂದ ಬೆಂಗಳೂರಿಗೆ ಹೋಗುವವರಿಗೆ ಅಲ್ಲೊಂದು ಕೆಲಸ ಇದ್ದೇ ಇರುತ್ತದೆ. ಆಸ್ಪತ್ರೆ, ಕೋರ್ಟು, ಯಾರದೋ ಗೃಹಪ್ರವೇಶ, ಇಲ್ಲವೇ ವಿಧಾನಸೌಧದಲ್ಲಿ ಕೊಳೆಯುತ್ತಿರುವ ಫೈಲು. ನನಗೆ ಯಾವುದೂ ಇರಲಿಲ್ಲ. ಕುಮಟಾ ರೈಲ್ವೆ ಸ್ಟೇಶನ್ನಿಗೆ ಬಿಟ್ಟ ಆಟೋದವನು ನನ್ನ ಕೈಯಲ್ಲಿದ್ದ ಈರುಳ್ಳಿ ಜಡೆ ನೋಡಿ, "ಎಂತ ಅಕ್ಕಾ, ನೆಂಟ್ರ ಮನಿಗಾ?" ಎಂದ.

"ಅಲ್ಲ, ಒಬ್ರನ್ನ ನೋಡುಕೆ."

"ಹುಷಾರಿಲ್ವಾ ಅವ್ರಿಗೆ?"

"ಅರಾಮಿದ್ದಾರೆ."

ಮುಂದೆ ಏನು ಕೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ನೆಂಟರೂ ಅಲ್ಲ, ಕಾಯಿಲೆಯೂ ಇಲ್ಲ ಎಂದಮೇಲೆ ಈ ವಯಸ್ಸಿನ ಹೆಂಗಸು ಒಬ್ಬಳೇ ರೈಲು ಹತ್ತುವುದೇಕೆ? ಇಷ್ಟು ದೂರದ ಸ್ನೇಹವನ್ನು ಅವನಿಗೆ ವಿವರಿಸುವ ತಾಳ್ಮೆ ನನಗೂ ಇರಲಿಲ್ಲ.

ನಾನು ಕುಮಟಾದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಆಗ ದೂರದ ಊರಿಗೆ ಮಾತಾಡಬೇಕಾದರೆ ನಮ್ಮಲ್ಲಿ ಕಾಲ್ ಬುಕ್ ಮಾಡಬೇಕಿತ್ತು. ನಾವು ಟ್ರಂಕ್ ಬೋರ್ಡಿಗೆ ಪ್ಲಗ್ ಚುಚ್ಚಿ ಆ ಊರಿನ ಆಪರೇಟರನ್ನು ಕರೆದು, ಅವರು ಅಲ್ಲಿಯ ನಂಬರು ಹಿಡಿದು ಕೊಟ್ಟ ಮೇಲೆ ಎರಡೂ ಕಡೆಯವರನ್ನು ಜೋಡಿಸುತ್ತಿದ್ದೆವು. ನಮ್ಮ ನಮ್ಮೊಳಗೆ ಹೆಸರು ಹೇಳುವ ರೂಢಿಯೇ ಇರಲಿಲ್ಲ. ಊರೇ ಹೆಸರು. "ಬೆಂಗಳೂರು" ಎಂದು ನಾನು ಕರೆದರೆ, "ಹೇಳು ಕುಮಟಾ" ಎನ್ನುತ್ತಿದ್ದಳು ಅವಳು. ವರ್ಷಗಟ್ಟಲೆ ಹೀಗೇ ನಡೆಯಿತು. ಅವಳ ನಿಜವಾದ ಹೆಸರು ನನಗೆ ಮೊನ್ನೆಯವರೆಗೂ ಗೊತ್ತಿರಲಿಲ್ಲ ಎಂದರೆ ಈಗಿನವರು ನಗುತ್ತಾರೆ. ನಗಲಿ.

ಮಳೆಗಾಲದಲ್ಲಿ ತದಡಿ ಬಂದರಿನ ದೋಣಿಗಳೆಲ್ಲ ದಡಕ್ಕೆ ಬಂದುಬಿಟ್ಟರೆ ಮೀನು ಸಾವ್ಕಾರರ ಫೋನ್ ಕರೆಗಳು ನಿಂತುಹೋಗುತ್ತಿದ್ದವು. ಮಧ್ಯಾಹ್ನದ ಡ್ಯೂಟಿಯಲ್ಲಿ ಬೋರ್ಡಿನ ಮುಂದೆ ನೊಣ ಹೊಡೆಯುವ ಕೆಲಸ. ಆಗ ಅವಳೇ ಕರೆಯುತ್ತಿದ್ದಳು. ಅತ್ತೆಯ ಕಾಟ, ಗಂಟಲಿಗೆಂದು ಬಾಯಲ್ಲಿಟ್ಟುಕೊಳ್ಳುವ ಲವಂಗ, ತನ್ನ ಸೂಪರ್‌ವೈಸರನ ನಡಿಗೆ, ಎಲ್ಲ ಹೇಳುತ್ತಿದ್ದಳು. ಬಿಕ್ಕಳಿಕೆಯಂತೆ ತಡೆದು ತಡೆದು ನಗುತ್ತಿದ್ದಳು. ನಾನು ಕೇಳುವವಳು, ಅವಳು ಹೇಳುವವಳು. ಒಂದು ದಿನ ಮಾತ್ರ ಇದು ತಿರುಗಾಮುರುಗಾ ಆಯಿತು.

ಆಗ ನನ್ನ ಮದುವೆ ಗೊತ್ತಾಗಿತ್ತು. ಹುಡುಗ ಭಟ್ಕಳದ ಕಡೆಯವನು, ಕೆಲಸ ಬೆಂಗಳೂರಿನಲ್ಲಿ. ಕಾರ್ಡು ಅಚ್ಚಾಗಿ ಬಂದಿತ್ತು. ಒಂದು ಮಧ್ಯಾಹ್ನ ಬೆಂಗಳೂರಿನಿಂದ ನನ್ನ ಸೋದರಮಾವನ ಬಟ್ಟೆ ಅಂಗಡಿಗೆ ಕಾಲ್ ಬಂತು. ನಾನೇ ಪ್ಲಗ್ ಹಾಕಿದೆ. ಲೈನು ಸರಿಯಿದೆಯೇ ಎಂದು ನೋಡಿ ಹಿಂದೆ ಸರಿಯಬೇಕು, ಅದು ನಿಯಮ. ಆದರೆ ಆ ದನಿ ಯಾರದೆಂದು ಗೊತ್ತಾದ ಮೇಲೆ ಕೈ ಮಾತು ಕೇಳಿಸುವ ಸ್ವಿಚ್ಚಿನ ಮೇಲೇ ನಿಂತುಬಿಟ್ಟಿತು. ತನಗೆ ಅಲ್ಲೊಬ್ಬಳು ಇದ್ದಾಳೆ, ಈ ಮದುವೆ ಆಗುವುದಿಲ್ಲ, ಮನೆಯವರಿಗೆ ನೀವೇ ಹೇಳಿಬಿಡಿ ಎಂದ ಅವನು. ಮಾವ ರಿಸೀವರ್ ಇಟ್ಟರು. ನನ್ನ ಮದುವೆ ಮುರಿದ ಕರೆಯನ್ನು ನಾನೇ ಜೋಡಿಸಿ ಕೊಟ್ಟಿದ್ದೆ.

ಆಮೇಲೆ ಅವಳು ಲೈನಿಗೆ ಬಂದಳು. "ಕುಮಟಾ, ಪಾರ್ಟಿ ಮಾತು ಮುಗೀತಾ?" "ಕುಮಟಾ, ಇದ್ದೀಯಾ?" ಎಂದಳು ಮತ್ತೆ. ಆಗ ಎಲ್ಲವನ್ನೂ ಹೇಳಿಬಿಟ್ಟೆ. ಅಳುತ್ತಲೇ ಹೇಳಿದೆ. ಅವಳ ಬೋರ್ಡಿನಲ್ಲಿ ಬೇರೆ ಊರುಗಳ ಕರೆಯ ದೀಪ ಮಿಣುಕುತ್ತಿದ್ದಿರಬೇಕು, ಆದರೂ ಅವಳು ನನ್ನ ಲೈನು ಬಿಡಲಿಲ್ಲ.

ಮನೆಯಲ್ಲಿ ಜಾತಕ ಕೂಡಲಿಲ್ಲ ಎಂದು ಊರಿಗೆಲ್ಲ ಸುದ್ದಿ ಮಾಡಿದರು. ನನಗೆ ನಿಜ ಗೊತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ನಾನೂ ತಿಳಿಸಲಿಲ್ಲ. ಆಮೇಲೆ ಬಂದ ಗಂಡುಗಳನ್ನೆಲ್ಲ ಒಂದಲ್ಲ ಒಂದು ನೆಪ ಹೇಳಿ ವಾಪಸು ಕಳಿಸಿದೆ. ಮಾವ ತೀರಿಕೊಂಡರು, ಅಪ್ಪ ಅಮ್ಮ ತೀರಿಕೊಂಡರು. ನೇರ ಡಯಲ್ ಮಾಡುವ ಎಸ್‌ಟಿಡಿ ಬಂದು ಟ್ರಂಕ್ ಬೋರ್ಡನ್ನೂ ಎತ್ತಿಬಿಟ್ಟರು, ಅವಳಿಗೊಂದು ಮಾತು ಹೇಳಲೂ ಆಗಲಿಲ್ಲ. ಆ ಮಧ್ಯಾಹ್ನ ನನಗೆ ಏನಾಯಿತೆಂದು ಬಲ್ಲವಳು ಈ ಭೂಮಿಯ ಮೇಲೆ ಒಬ್ಬಳೇ ಉಳಿದಿದ್ದಳು.

ಈ ಯುಗಾದಿಗೆ ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಧ್ವನಿಸಂದೇಶ ಹಾಕಿದರು. ಹಬ್ಬದ ಶುಭಾಶಯ, ಕೊನೆಯಲ್ಲಿ ತಡೆದು ತಡೆದು ಬಂದ ನಗು. ನಾನು ದೋಸೆ ಮಗುಚುತ್ತಿದ್ದೆ. ದೋಸೆ ಸೀದುಹೋಯಿತು. ಆ ನಂಬರಿಗೆ, ನಾನು ಟ್ರಂಕ್ ಬೋರ್ಡಿನ ಕಾಲದವಳು, ಬಂದು ನೋಡಬಹುದೇ ಎಂದು ಬರೆದೆ. "ಬನ್ನಿ, ಅತ್ತೆ ಮನೆಯಲ್ಲೇ ಇರ್ತಾರೆ" ಎಂದು ಅವಳ ಸೊಸೆ ವಿಳಾಸ ಕಳಿಸಿದಳು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಮಾತಾಡಿದ್ದು ಸಾಕಾಗಿತ್ತು. ಅವಳ ಎದುರು ಒಮ್ಮೆ ಕೂತುಕೊಳ್ಳಬೇಕು, ಅವಳಿಗೆ ನಾನು ನೆನಪಿರಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಬೆಳಿಗ್ಗೆ ಯಶವಂತಪುರದಲ್ಲಿ ಇಳಿದೆ. ಪ್ಲಾಟ್‌ಫಾರಮ್ಮಿನಲ್ಲಿ ಪ್ರತಿಯೊಬ್ಬರಿಗೂ ಯಾರೋ ಬಂದಿದ್ದರು, ಅಥವಾ ನನ್ನ ಕಣ್ಣಿಗೆ ಅಂಥವರೇ ಬಿದ್ದರು. ಮೆಜೆಸ್ಟಿಕ್ ಹತ್ತಿರದ ಲಾಡ್ಜಿನವನು "ಒಬ್ರೇನಾ?" ಎಂದು ಕೇಳಿದ. ಹೌದೆಂದೆ. ಕೀಲಿ ಕೊಡುವಾಗ ಮತ್ತೆ "ಒಬ್ರೇ ಅಲ್ವಾ?" ಎಂದ. ಎರಡನೇ ಸಲ ಕೇಳಿದರೆ ಇನ್ನೊಬ್ಬರು ಹುಟ್ಟಿಕೊಳ್ಳುತ್ತಾರೆಯೇ? ಕೆಳಗಿನ ಹೋಟೆಲಿನಲ್ಲಿ ಕಿಟಕಿ ಪಕ್ಕದ ಮೇಜು ಫ್ಯಾಮಿಲಿಗೆ ಎಂದು ಹೇಳಿ, ಕೈತೊಳೆಯುವ ಬೇಸಿನ್ನಿನ ಎದುರು ಕೂರಿಸಿದರು. ಜನ ಬಾಯಿ ಮುಕ್ಕಳಿಸುವುದನ್ನು ನೋಡುತ್ತ ಇಡ್ಲಿ ತಿಂದೆ.

ಅವಳ ಮನೆಯಿದ್ದ ವಿಜಯನಗರಕ್ಕೆ ಹೋಗಲು ಮೆಟ್ರೋ ನಿಲ್ದಾಣದ ಬಾಗಿಲಿಗೆ ಬಂದರೆ ತಪಾಸಣೆಯ ಹೆಂಗಸು ನನ್ನ ಚೀಲ ತೆಗೆಸಿದಳು. ನಮ್ಮಲ್ಲಿ ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯನ್ನು ಜಡೆ ಹೆಣೆದು ತೂಗುಹಾಕಿ ಮಾರುತ್ತಾರೆ. ಅಂಥದೇ ಉದ್ದನೆಯದೊಂದನ್ನು ಗೆಳತಿಗೆಂದು ಒಯ್ದಿದ್ದೆ. ಒಣಮೀನು ಒಯ್ಯುವ ಧೈರ್ಯ ಬರಲಿಲ್ಲ. ಅವಳ ಅತ್ತೆಯ ಬೈಗುಳವೆಲ್ಲ ನನಗೆ ಬಾಯಿಪಾಠ, ಆದರೆ ಅವಳು ಮೀನು ತಿನ್ನುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ರೈಲಿನೊಳಗೆ ಸ್ಪೀಕರಿನಲ್ಲಿ ಒಬ್ಬಳು ಮುಂದಿನ ನಿಲ್ದಾಣದ ಹೆಸರು ಹೇಳುತ್ತಿದ್ದಳು. ಒಳ್ಳೆಯ ಸ್ವರ, ಉಚ್ಚಾರ ಚೊಕ್ಕ. ನಮ್ಮ ಕಾಲದಲ್ಲಾಗಿದ್ದರೆ ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಆದರೆ ಅದು ಯಾರನ್ನೂ ಕೇಳಿಸಿಕೊಳ್ಳುವ ಸ್ವರವಲ್ಲ. ಅಷ್ಟು ಜನರ ನಡುವೆ ಕಂಬ ಹಿಡಿದು ನಿಂತಿದ್ದಾಗ ನನಗೆ ಊರಿನ ಖಾಲಿ ಮನೆಯಲ್ಲಿ ಅನಿಸುವುದಕ್ಕಿಂತ ಹೆಚ್ಚು ಒಂಟಿತನ ಅನಿಸಿತು.

ಬಾಗಿಲು ತೆಗೆದದ್ದು ಸೊಸೆ. ನನ್ನ ಬೆಂಗಳೂರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದಳು. ಕೂದಲೆಲ್ಲ ಬೆಳ್ಳಗೆ, ದಪ್ಪ ಕನ್ನಡಕ. ದಾರಿಯುದ್ದಕ್ಕೂ ನೀನು ಎಂದೇ ಅಂದುಕೊಂಡು ಹೋಗಿದ್ದೆ, ಆ ಮುಖ ಕಂಡ ಮೇಲೆ ಬಾಯಲ್ಲಿ ನೀವು ಎಂದೇ ಬಂತು.

"ನಾನು ಕುಮಟಾ" ಎಂದೆ.

"ಅಯ್ಯೋ, ಕುಮಟಾ!" ಎಂದು ನನ್ನ ಕೈ ಹಿಡಿದುಕೊಂಡಳು. ದನಿ ಒಂದಿಷ್ಟೂ ಬದಲಾಗಿರಲಿಲ್ಲ. ನನ್ನ ಕಣ್ಣು ತುಂಬಿತು. "ಯಾವಾಗಲೂ ಕೆಮ್ಮುತ್ತಿದ್ದೆಯಲ್ಲ, ಈಗ ವಾಸಿನಾ?"

ಕೆಮ್ಮುತ್ತಿದ್ದವಳು ನಮ್ಮ ಎಕ್ಸ್‌ಚೇಂಜಿನ ಬೆಳಗಿನ ಪಾಳಿಯವಳು. "ನಾನು ಮಧ್ಯಾಹ್ನದ ಡ್ಯೂಟಿಯವಳು" ಎಂದೆ.

"ಹೌದೌದು" ಎಂದಳು. ಆ ಹೌದೌದು ನನಗೆ ಚೆನ್ನಾಗಿ ಗೊತ್ತು. ಫೋನ್ ಮಾಡಿದ ಪಾರ್ಟಿ ಹೇಳಿದ್ದು ಕೇಳಿಸದಿದ್ದಾಗ ನಾವೆಲ್ಲ ಹೇಳುತ್ತಿದ್ದದ್ದು ಅದನ್ನೇ.

ಸೊಸೆ ಈರುಳ್ಳಿಯನ್ನು ಒಳಗೆ ಒಯ್ದು ಕಾಫಿ ತಂದಳು. ಕುರ್ಚಿಯಲ್ಲಿದ್ದವಳು ಊರುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡಳು. ಶಿವಮೊಗ್ಗದವಳ ಜಗಳಗಂಟಿತನ, ಹುಬ್ಬಳ್ಳಿಯವನ ಹಾಡು. ಎಲ್ಲರೂ ಅವಳಿಗೆ ಗೆಳೆಯರೇ. ನನಗೆ ಒಂದೇ ಬೆಂಗಳೂರು ಇತ್ತು, ಅವಳ ಬೋರ್ಡಿನಲ್ಲಿ ರಾಜ್ಯವೇ ಇತ್ತು. ಇಷ್ಟು ಸರಳ ಲೆಕ್ಕ ನನಗೇಕೆ ಹೊಳೆದಿರಲಿಲ್ಲವೋ.

"ನಿಮ್ಮ ಪಕ್ಕದ ಹೊನ್ನಾವರದಲ್ಲಿ ಒಬ್ಬಳಿದ್ದಳು" ಎಂದಳು ಆಮೇಲೆ. "ಅವಳನ್ನ ಮಾತ್ರ ನಾನು ಮರೆಯೋಕಾಗಲ್ಲ. ಪಾಪ, ಅವಳ ಮದುವೆ ಮುರಿದ ಫೋನ್ ಕಾಲನ್ನ ಅವಳ ಕೈಯಲ್ಲೇ ಕನೆಕ್ಟ್ ಮಾಡಿಸಿಬಿಟ್ಟೆ ನೋಡು."

ಕಾಫಿ ಲೋಟ ಕೆಳಗಿಟ್ಟೆ. "ಈ ಕಥೆ ನಮಗೆಲ್ಲ ಎಷ್ಟು ಸಲ ಹೇಳಿದ್ದಾರೋ" ಎಂದಳು ಸೊಸೆ.

ಆದರೂ ಬೆಂಗಳೂರು ಪೂರ್ತಿ ಹೇಳಿದಳು. ಬಟ್ಟೆ ಅಂಗಡಿ, ಅಚ್ಚಾದ ಕಾರ್ಡು, ಹುಡುಗಿ ಅತ್ತದ್ದು, ಒಂದೂ ಬಿಟ್ಟಿರಲಿಲ್ಲ. ನನಗೆ ಗೊತ್ತಿಲ್ಲದ್ದೂ ಇತ್ತು. ಅವತ್ತು ಅವಳು ಮನೆಗೆ ಹೋಗಿ ಊಟ ಮಾಡಲಿಲ್ಲವಂತೆ. "ಆಮೇಲೆ ಆ ಬೇವರ್ಸಿ ಯಾವಾಗ ಭಟ್ಕಳಕ್ಕೆ ಕಾಲ್ ಬುಕ್ ಮಾಡಿದರೂ ಲೈನ್ ಕೆಟ್ಟಿದೆ ಅಂತಿದ್ದೆ. ದಿನವಿಡೀ ಕಾಯಿಸ್ತಿದ್ದೆ" ಎಂದು ತಡೆದು ತಡೆದು ನಕ್ಕಳು.

ನನಗಾಗಿ ಒಬ್ಬಳು ಇಷ್ಟು ಮಾಡಿದ್ದಳು. ಅದೆಲ್ಲ ಹೊನ್ನಾವರದವಳ ಖಾತೆಗೆ ಸೇರಿತ್ತು. ನನಗೆ ಸಂತೋಷವಾಯಿತು, ಅದರ ಬೆನ್ನಿಗೇ ಹೊನ್ನಾವರದವಳ ಮೇಲೆ ಹೊಟ್ಟೆಕಿಚ್ಚಾಯಿತು. ಅದು ನಾನೇ ಎಂದು ಹೇಳಲು ಬಾಯಿ ತೆರೆದೆ.

"ಸದ್ಯ, ಅವಳಿಗೆ ಆಮೇಲೆ ಒಳ್ಳೆ ಕಡೆ ಮದುವೆ ಆಯ್ತಂತೆ. ಮಕ್ಕಳೂ ಇದ್ದಾರಂತೆ" ಎಂದಳು. "ಅದನ್ನ ಕೇಳಿದ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದೆ." ಹೊನ್ನಾವರದ ಆಪರೇಟರಿಗೆ ಮದುವೆಯಾದದ್ದು ನಿಜ, ಮಕ್ಕಳಾದದ್ದೂ ನಿಜ. "ನಿನಗೆ ಅವಳು ಗೊತ್ತಿರಬೇಕಲ್ಲ? ಸುಖವಾಗಿದ್ದಾಳಾ?"

ಎಲ್ಲಿಯದೋ ಹುಡುಗಿಗೆ ಒಳ್ಳೆಯದಾಯಿತೆಂದು ಇಷ್ಟು ವರ್ಷ ನೆಮ್ಮದಿಯಿಂದ ಇದ್ದ ಮುಖ ನನ್ನ ಎದುರಿಗಿತ್ತು. ನನ್ನ ಎರಡು ಕೋಣೆಯ ಮನೆಯನ್ನು ಆ ಮುಖದ ಮುಂದೆ ತಂದಿಡಲು ನನ್ನಿಂದಾಗಲಿಲ್ಲ.

"ಗೊತ್ತು" ಎಂದೆ. "ಸುಖವಾಗಿದ್ದಾಳೆ. ನಿಮ್ಮನ್ನ ಯಾವಾಗಲೂ ನೆನೆಸ್ತಾಳೆ."

ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಒಂದು ಸಲ ಅವಳ ಮುಖ ನೋಡಬೇಕು ನಾನು" ಎಂದಳು. "ಮುಂದಿನ ಸಲ ಬರುವಾಗ ಅವಳನ್ನ ಕರೆದುಕೊಂಡು ಬಾ."

"ಆತು" ಎಂದೆ.