ನಾಲ್ಕನೇ ಮನೆಯ ಹೊಲಿಗೆ ಮಿಷನ್ನು

ಇದನ್ನು ಹೇಳದೆ ಬಹಳ ವರ್ಷ ತಳ್ಳಿದೆ. ಕಾಲುನೋವು, ಕಣ್ಣಿನ ಪೊರೆ, ಮೊಮ್ಮಗಳ ನಾಮಕರಣ, ನೆಪಗಳಿಗೇನು ಬರ? ಇವತ್ತು ಪ್ಯಾಂಟಿನ ಸೊಂಟ ಬಿಗಿ ಮಾಡಿಸಲು ಮದ್ದೂರಿನ ಟೈಲರ್ ಅಂಗಡಿಗೆ ಹೋದೆ. ಮಿಷನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಇನ್ನು ತಡೆಯಲಾರೆ, ಕೇಳಿ.

ಸಣ್ಣ ಉದ್ಯೋಗಕ್ಕೆ ಸರ್ಕಾರದ ಸಾಲ ಕೊಡಿಸುವ ಮಂಡ್ಯದ ಕಚೇರಿಯೊಂದರಲ್ಲಿ ನಾನು ಸ್ಥಳ ನೋಡಿ ಬರುವ ನೌಕರನಾಗಿದ್ದೆ. ಓದಿದ್ದು ಹತ್ತನೇ ಕ್ಲಾಸು. ಆದರೂ ಕಂಕುಳಲ್ಲಿ ಕಡತ ಇಟ್ಟುಕೊಂಡು ಹಳ್ಳಿಯಲ್ಲಿ ಬಸ್ಸಿಳಿದರೆ ನನ್ನ ನಡಿಗೆಯೇ ಬೇರೆ. ಟೈಲರ್ ಅಂಗಡಿ ಇಡುವ ಹೆಂಗಸರಿಗೆ ಒಂದು ಷರತ್ತಿತ್ತು: ಮನೆಯಲ್ಲಿ ಅವರದೇ ಹೊಲಿಗೆ ಮಿಷನ್ ಇರಬೇಕು. ಅದನ್ನು ನೋಡುವುದೇ ನನ್ನ ಕೆಲಸ.

ಅವತ್ತು ಕೊತ್ತತ್ತಿ ಕಡೆಯ ಒಂದು ಹಳ್ಳಿಯಲ್ಲಿ ನಾಲ್ಕು ಮನೆ. ಮೊದಲನೆಯದರಲ್ಲಿ ಮಿಷನ್ ನೋಡಿ ಸರಿ ಎಂದು ಬರೆದೆ. ಎದ್ದು ಹೊರಟರೆ ಬಿಡಲಿಲ್ಲ, ಜಗಲಿಯ ಮೇಲೆ ಕೂರಿಸಿ ಕಾಫಿ, ಚಕ್ಕುಲಿ. ಎರಡನೇ ಮನೆಯಲ್ಲೂ ಅದೇ ಉಪಚಾರ. ಮೂರನೆಯದರಲ್ಲಿ ಬಿಸಿ ಉಪ್ಪಿಟ್ಟು. ಈ ಊರಿಗೆ ನನ್ನ ಮೇಲೆ ಇಷ್ಟು ಪ್ರೀತಿಯೇ ಎಂದು ಉಬ್ಬಿದೆ. ನಾನು ಜಗಲಿಯಲ್ಲಿ ತಿನ್ನುವಾಗ ಮಿಷನ್ ಹಿತ್ತಲಿನಿಂದ ಮುಂದಿನ ಮನೆ ಸೇರುತ್ತಿತ್ತು.

ನಾಲ್ಕನೇ ಮನೆಯಲ್ಲೂ ಚಕ್ರಕ್ಕೆ ಬಳಿದ ಅದೇ ಹಸಿರು ಬಣ್ಣ ಕಂಡಾಗ ತಲೆಗೆ ಹೊಳೆಯಿತು. ಆ ಮನೆಯ ಹೆಂಗಸು ಹೇಳಿದರು: "ಇದು ನಂದೇ ಕಣಪ್ಪ. ನಮ್ಮವ್ವ ಕೊಡ್ಸಿದ್ದು."

"ಹಿಂದ್ಲು ಮೂರು ಮನೇಲೂ ಇದೇ ಮಾತು ಕೇಳ್ದೆ ಕಣಮ್ಮ," ಎಂದು ನಕ್ಕೆ.

ಅವರು ಬೀದಿಯ ಕಡೆ ಒಮ್ಮೆ ನೋಡಿ, "ನಿಮ್ಗೆ ಅಂಗನ್ಸುದ್ರೆ ಅಂಗೇ ಬರ್ಕಳಿ," ಎಂದರು.

ಎರವಲು ಮಿಷನ್ ಎಂದು ಬರೆದುಕೊಂಡೆ. ಸಾಲ ಸಿಗದೆ, ಬಸ್ ಸ್ಟಾಪಿನ ಹತ್ತಿರ ಅಂಗಡಿಗೆ ಅವರು ಗೊತ್ತುಮಾಡಿಕೊಂಡಿದ್ದ ಜಾಗ ಕೈತಪ್ಪಿತು.

ವಾರ ಕಳೆದ ಮೇಲೆ, ಮೂರನೇ ಮನೆಯವಳು ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು: "ಆ ಮಿಷನ್ನು ಅವಳ್ದೇ ಕಣಣ್ಣ. ನಾವೇ ಇಸ್ಕಬಂದು ತೋರ್ಸಿದ್ದು. ಅವ್ಳು ಬಾಯ್ಬುಟ್ಟಿದ್ರೆ ನಮ್ ಸಾಲಾನೂ ಓಯ್ತಿತ್ತು."

ಸರಿಪಡಿಸಬಹುದಿತ್ತು. ಆದರೆ ಒಂದೇ ಮಿಷನ್ನಿಗೆ ಮೂರು ಸಲ ಸರಿ ಎಂದು ಬರೆದ ಜಾಣ ಯಾರು ಎಂದು ಸಾಹೇಬರು ಕೇಳುತ್ತಿದ್ದರು. ಸುಮ್ಮನಿದ್ದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು, ಕಚೇರಿಯಲ್ಲಿ ಆ ನಾಲ್ಕನೇ ಮನೆಯವರಿಗೊಂದು ಅಡ್ಡಹೆಸರಿಟ್ಟು ಎಲ್ಲರನ್ನೂ ನಗಿಸಿದೆ. ಮುಂದೊಮ್ಮೆ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಆ ಊರಿಗಿಳಿದಾಗ, ಅದೇ ಮೂರನೇ ಮನೆಯವಳ ಅಂಗಡಿಯಲ್ಲಿ ಅವರು ಕೂಲಿಗೆ ಹೊಲಿಯುತ್ತಿದ್ದರು. "ಬನ್ನಿ ಸಾ," ಎಂದು ಸ್ಟೂಲು ಎಳೆದರು. ನಾನು ಬಸ್ಸು ಬಂತೆಂದು ಓಡಿದೆ. ಯಾವ ಬಸ್ಸೂ ಬಂದಿರಲಿಲ್ಲ.

ಇವತ್ತು ಸಂಜೆ ಇದನ್ನೆಲ್ಲ ಹೆಂಡತಿಗೆ ಒಪ್ಪಿಸಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿದ್ದು ಒಂದೇ: "ಆಯಮ್ಮನ ಎಸ್ರೇನು?"

ನಾಲಿಗೆಗೆ ಮೊದಲು ಬಂದದ್ದು 'ಎರವಲು ಮಿಷನ್ನಮ್ಮ'. ಕಚ್ಚಿಕೊಂಡೆ.

ಅವರ ಹೆಸರು ಸಣ್ಣತಾಯಮ್ಮ.